ಮ್ಯಾಕ್‌ಬೆತ್ ಆಧರಿಸಿದ ಚಿತ್ರಗಳಲ್ಲಿ ಮೂಲಕ್ಕೆ ಹೆಚ್ಚು ನಿಷ್ಠವಾದದ್ದು ಯಾವುದು?

ಪೊಲಾನ್‌ಸ್ಕಿ, ಕುರೊಸಾವಾ, ವಿಶಾಲ್ ಭಾರದ್ವಾಜ್ ಮತ್ತು ಜೋಯೆಲ್ ಕೋಯೆನ್ ಅವರ ಚಿತ್ರಗಳನ್ನು ಎಂ.ಎ. ಪ್ರಬಂಧಕ್ಕಾಗಿ ಹೋಲಿಸಬೇಕಾಗಿದೆ, ಇವರಲ್ಲಿ ಷೇಕ್ಸ್‌ಪಿಯರನಿಗೆ ನಿಷ್ಠರಾಗಿರುವವರು ಯಾರು ಎಂದು ಕೇಳಿದ್ದೀರಿ. ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನಿಟ್ಟುಕೊಂಡು ನಾನು ಎಂ.ಫಿಲ್. ಪ್ರಬಂಧ ಬರೆದಿದ್ದೆ, ಮೌಖಿಕ ಪರೀಕ್ಷೆಯಲ್ಲಿ ಅದನ್ನು ತಿದ್ದಿ ಬರೆಯುವಂತೆ ನನ್ನ ಕೈಗೇ ಮರಳಿಸಿದರು.

ದೊರೆಯನ್ನು ಕೊಂದು ಪಟ್ಟವೇರುವ ಸರದಾರ ಮ್ಯಾಕ್‌ಬೆತ್‌ನ ಈ ನಾಟಕವನ್ನು ಓದುವ ಮೊದಲೇ ಪೊಲಾನ್‌ಸ್ಕಿಯ 1971ರ ಚಿತ್ರವನ್ನು ನಾನು ನೋಡಿಬಿಟ್ಟಿದ್ದೆ. ಅದರ ಕೆಸರು, ಮಳೆ, ರಕ್ತ, ಕೋಟೆಯ ಅಂಗಳದಲ್ಲಿ ಓಡಾಡುವ ಕೋಳಿ ನಾಯಿಗಳು ಎಲ್ಲವೂ ಎಷ್ಟು ಸಹಜವಾಗಿ ಕಂಡವೆಂದರೆ, ಸ್ಕಾಟ್ಲೆಂಡಿನಲ್ಲಿ ನಡೆದದ್ದೇ ಹೀಗೆ ಎಂದು ಮನಸ್ಸು ಒಪ್ಪಿಕೊಂಡಿತು. ಆ ಚಿತ್ರದಲ್ಲಿ ರಾಸ್ ಎಂಬ ಸರದಾರನೊಬ್ಬ ಬರುತ್ತಾನೆ. ಮ್ಯಾಕ್‌ಬೆತ್‌ನ ಗೆಳೆಯ ಬ್ಯಾಂಕೊನ ಕೊಲೆಗೆ ಹೋಗುವ ಮೂರನೆಯ ಹಂತಕ ಅವನೇ. ಮ್ಯಾಕ್‌ಬೆತ್‌ನನ್ನು ವಿರೋಧಿಸುವ ಸರದಾರ ಮ್ಯಾಕ್‌ಡಫ್‌ನ ಹೆಂಡತಿಮಕ್ಕಳನ್ನು ಮಾತನಾಡಿಸಿ ಹೊರಟುಹೋಗುವಾಗ ಕೊಲೆಗಡುಕರಿಗೆ ಕೋಟೆಯ ಬಾಗಿಲು ತೆರೆದಿಡುವವನೂ ಅವನೇ. ತಾನು ನಿರೀಕ್ಷಿಸಿದ್ದ ಮನ್ನಣೆ ಬೇರೊಬ್ಬನ ಪಾಲಾದಾಗ ಪಕ್ಷ ಬದಲಿಸಿ, ಕೊನೆಯಲ್ಲಿ ಹೊಸ ದೊರೆಗೆ ಜಯಕಾರ ಹಾಕುವವನೂ ಅವನೇ. ನಾಟಕದ ಅತ್ಯಂತ ಆಧುನಿಕ ಪಾತ್ರ ಇದು ಎಂದು ನಾನು ಮೆಚ್ಚಿಕೊಂಡೆ, ಒಂದು ಅಧ್ಯಾಯವನ್ನೇ ಅವನಿಗೆ ಮೀಸಲಿಟ್ಟೆ. ಕುರೊಸಾವಾ ಈ ದ್ರೋಹವನ್ನು ಕೈಬಿಟ್ಟದ್ದು ದೊಡ್ಡ ನಷ್ಟವೆಂದೂ, ಇಂಗ್ಲಿಷ್ ನಿರ್ದೇಶಕ ಟ್ರೆವರ್ ನನ್ ಅವರ 1976ರ ರಂಗಪ್ರಯೋಗ ಇದನ್ನು ಗಮನಿಸದೆ ಹೋದದ್ದು ಮೂಲಕ್ಕೆ ಮಾಡಿದ ಅನ್ಯಾಯವೆಂದೂ ಬರೆದೆ.

ಬಾಹ್ಯ ಪರೀಕ್ಷಕರು ನಾಟಕದ ಪ್ರತಿಯನ್ನು ನನ್ನ ಮುಂದೆ ಸರಿಸಿ, ರಾಸ್ ದ್ರೋಹಿ ಎಂದು ಹೇಳುವ ಸಾಲು ತೋರಿಸಿ ಎಂದರು. ಅಂಥ ಸಾಲು ಅದರಲ್ಲಿ ಇಲ್ಲ.

ಈ ತಪ್ಪು ಹೇಗೆ ನಡೆಯಿತೆಂಬುದನ್ನು ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ, ಏಕೆಂದರೆ ಅದು ಕೇವಲ ಅಜಾಗರೂಕತೆಯಾಗಿರಲಿಲ್ಲ. ಚಿತ್ರ ನೋಡಿದ ಮೇಲೆ ನಾನು ನಾಟಕವನ್ನು ಓದಿದ್ದೆ, ಹಲವು ಸಲ ಓದಿದ್ದೆ. ಮೂರನೆಯ ಅಂಕದಲ್ಲಿ ಮೂರನೆಯ ಹಂತಕ ಬರುತ್ತಾನೆ, ಅವನು ಯಾರೆಂದು ನಾಟಕ ಹೇಳುವುದಿಲ್ಲ. ನಾಲ್ಕನೆಯ ಅಂಕದಲ್ಲಿ ರಾಸ್ ಮ್ಯಾಕ್‌ಡಫ್‌ನ ಮನೆಯಿಂದ ಹೊರಟ ಸ್ವಲ್ಪ ಹೊತ್ತಿಗೇ ಹಂತಕರು ಒಳಗೆ ನುಗ್ಗುತ್ತಾರೆ. ಮುಂದಿನ ದೃಶ್ಯದಲ್ಲಿ ಅದೇ ರಾಸ್ ಇಂಗ್ಲೆಂಡಿಗೆ ಹೋಗಿ, ನಿನ್ನ ಹೆಂಡತಿಮಕ್ಕಳು ಚೆನ್ನಾಗಿದ್ದಾರೆ ಎಂದು ಮ್ಯಾಕ್‌ಡಫ್‌ಗೆ ಮೊದಲು ಹೇಳಿ, ಆಮೇಲೆ ತಡವರಿಸುತ್ತ ನಿಜವನ್ನು ತಿಳಿಸುತ್ತಾನೆ. ಪೊಲಾನ್‌ಸ್ಕಿಯ ಚಿತ್ರ ಕಣ್ಣಿನಲ್ಲಿ ಕುಳಿತಿದ್ದವನಿಗೆ ಈ ಮೂರೂ ಕಡೆ ರಾಸ್‌ನ ಅಪರಾಧವೇ ಕಂಡಿತು. ಬರೆದಿಲ್ಲದ್ದನ್ನು ನಾನು ಬರೆದದ್ದೆಂದೇ ಓದಿದೆ. ರಾಸ್‌ನನ್ನು ಶಂಕಿಸಿದ ವಿಮರ್ಶಕರು 19ನೆಯ ಶತಮಾನದ ಕೊನೆಗೇ ಇದ್ದರು ಎಂಬುದು ಆಗ ಗೊತ್ತಿದ್ದರೆ ಪರೀಕ್ಷಕರಿಗೆ ಅದನ್ನಾದರೂ ಹೇಳಬಹುದಿತ್ತು. ಆದರೆ ಅದೂ ವ್ಯಾಖ್ಯಾನವೇ ಹೊರತು ನಾಟಕದ ಪಠ್ಯವಲ್ಲ. ಪ್ರಬಂಧವನ್ನು ತಿದ್ದಿ ಮತ್ತೆ ಸಲ್ಲಿಸುವಷ್ಟರಲ್ಲಿ ನಾನು ಕಾದಿದ್ದ ಉಪನ್ಯಾಸಕರ ಹುದ್ದೆಯ ಅರ್ಜಿಯ ಗಡುವು ಮುಗಿದಿತ್ತು.

ನಿಮ್ಮ ಪಟ್ಟಿಯಲ್ಲೂ ಇದೇ ಗುಂಡಿ ಇದೆ. ಕೋಯೆನ್ ಅವರ 2021ರ ಚಿತ್ರವೂ ರಾಸ್‌ನನ್ನು ಮೂರನೆಯ ಹಂತಕನನ್ನಾಗಿ ಮಾಡುತ್ತದೆ, ಬ್ಯಾಂಕೊನ ಮಗ ಫ್ಲಿಯಾನ್ಸ್‌ನನ್ನು ಅವನ ಕೈಗೇ ಒಪ್ಪಿಸಿ ಮುಗಿಯುತ್ತದೆ. ನಾಲ್ಕರಲ್ಲಿ ಎರಡು ಚಿತ್ರಗಳು ಒಂದೇ ಮಾತು ಹೇಳಿದರೆ ಅದೇ ಮೂಲವಿರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ.

ಆದುದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಆ ಪ್ರಶ್ನೆಯನ್ನೇ ಬಿಟ್ಟುಬಿಡಿ. ಯಾವ ಮೂಲಕ್ಕೆ ನಿಷ್ಠೆ? ಈ ನಾಟಕ ಮೊದಲು ಅಚ್ಚಾದದ್ದು 1623ರಲ್ಲಿ, ಕವಿ ತೀರಿಕೊಂಡು ಏಳು ವರ್ಷಗಳಾದ ಮೇಲೆ. ಅದರಲ್ಲಿ ಮಾಟಗಾತಿಯರ ದೇವತೆ ಹೆಕಟಿ ಬರುವ ಭಾಗಗಳು ಮಿಡಲ್ಟನ್ ಎಂಬ ಇನ್ನೊಬ್ಬ ನಾಟಕಕಾರ ಸೇರಿಸಿದವು ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಷೇಕ್ಸ್‌ಪಿಯರ್ ಕೂಡ ತಾನು ಕಥೆಯನ್ನು ಎತ್ತಿಕೊಂಡ ಹಾಲಿನ್‌ಶೆಡ್‌ನ ಚರಿತ್ರೆಗೆ ನಿಷ್ಠನಾಗಿರಲಿಲ್ಲ: ಅಲ್ಲಿ ದೊರೆಯ ಕೊಲೆಯ ಸಂಚಿನಲ್ಲಿ ಬ್ಯಾಂಕೊ ಕೂಡ ಪಾಲುದಾರ. ಬ್ಯಾಂಕೊನ ವಂಶಜನೆಂದು ಹೇಳಿಕೊಳ್ಳುತ್ತಿದ್ದ ಜೇಮ್ಸ್ ದೊರೆ 1603ರಲ್ಲಿ ಇಂಗ್ಲೆಂಡಿನ ಸಿಂಹಾಸನವೇರಿದ ಮೇಲೆ ಹಾಗೆ ಬರೆಯುವುದು ಕ್ಷೇಮವಾಗಿರಲಿಲ್ಲ.

ಅಳೆಯುವ ಬದಲು ನಾಟಕ ಎಲ್ಲಿ ಸುಮ್ಮನಾಗುತ್ತದೆ ಎಂಬುದನ್ನು ಹುಡುಕಿ, ಆ ಮೌನವನ್ನು ಒಬ್ಬೊಬ್ಬ ನಿರ್ದೇಶಕ ಏನಿಟ್ಟು ತುಂಬಿದ ಎಂದು ನೋಡಿ. ನನಗೆ ಮತ್ತೆ ಬರೆಯುವ ಅವಕಾಶ ಸಿಕ್ಕಾಗ ನಾನು ಹಿಡಿದದ್ದು ಬ್ಯಾಂಕೊನ ಕೊಲೆಯಾದ ಮೇಲೆ ಮ್ಯಾಕ್‌ಬೆತ್ ಕೊಡುವ ಔತಣದ ಕುರ್ಚಿಯನ್ನು. 1623ರ ಪ್ರತಿ ಬ್ಯಾಂಕೊನ ಪ್ರೇತ ಬಂದು ಮ್ಯಾಕ್‌ಬೆತ್‌ನ ಸ್ಥಾನದಲ್ಲಿ ಕೂರುತ್ತದೆ ಎನ್ನುತ್ತದೆ. 1611ರಲ್ಲಿ ಗ್ಲೋಬ್ ರಂಗಮಂದಿರದಲ್ಲಿ ನಾಟಕ ನೋಡಿದ ಸೈಮನ್ ಫೋರ್ಮನ್ ಎಂಬ ವೈದ್ಯನೂ ಪ್ರೇತ ಕುರ್ಚಿಯಲ್ಲಿ ಕುಳಿತದ್ದನ್ನು ಬರೆದಿಟ್ಟಿದ್ದಾನೆ. ಆದರೆ ಮೇಜಿನ ಸುತ್ತ ಇರುವವರಿಗೆ ಅದು ಕಾಣುವುದಿಲ್ಲ. ಪ್ರೇಕ್ಷಕ ಯಾರ ಪಕ್ಕದಲ್ಲಿ ಕೂರಬೇಕು, ದೊರೆಯ ಪಕ್ಕದಲ್ಲೋ ಅತಿಥಿಗಳ ಪಕ್ಕದಲ್ಲೋ? 1794ರಲ್ಲಿ ಲಂಡನ್ನಿನ ಡ್ರೂರಿ ಲೇನ್‌ನಲ್ಲಿ ನಟ ಕೆಂಬಲ್ ಪ್ರೇತವನ್ನು ತೆಗೆದುಹಾಕಿ ಕುರ್ಚಿಯನ್ನು ಖಾಲಿ ಬಿಟ್ಟ. ಜನ ಒಪ್ಪಲಿಲ್ಲ, ಪ್ರೇತವನ್ನು ಮತ್ತೆ ಕರೆತರಬೇಕಾಯಿತು. ಟ್ರೆವರ್ ನನ್ ಪುಟ್ಟ ರಂಗದಲ್ಲಿ ಮತ್ತೆ ಅದೇ ಖಾಲಿತನವನ್ನು ಆರಿಸಿಕೊಂಡರು: ಇಯಾನ್ ಮೆಕೆಲನ್ ಏನೂ ಇಲ್ಲದ ಜಾಗವನ್ನು ನೋಡಿ ನಡುಗುವಾಗ ನಾವು ಗಂಡನನ್ನಲ್ಲ, ಅವನನ್ನು ಸಂಭಾಳಿಸುವ ಹೆಂಡತಿ, ಜೂಡಿ ಡೆಂಚ್ ಅವರ ಮುಖವನ್ನು ನೋಡುತ್ತೇವೆ. ಪೊಲಾನ್‌ಸ್ಕಿ ರಕ್ತ ಸುರಿಸುವ ಬ್ಯಾಂಕೊನನ್ನೇ ತಂದು ನಿಲ್ಲಿಸಿ ನಮ್ಮನ್ನು ಕೊಲೆಗಾರನ ಕಣ್ಣಿನೊಳಗೆ ತಳ್ಳುತ್ತಾನೆ. ಕುರೊಸಾವಾ 1957ರ ಚಿತ್ರದಲ್ಲಿ ಮೊದಲು ಖಾಲಿ ಆಸನವನ್ನು ತೋರಿಸಿ, ಆಮೇಲೆ ಅಲ್ಲಿ ಬಿಳಿಚಿಕೊಂಡ ಮಿಕಿಯನ್ನು (ಅವನ ಬ್ಯಾಂಕೊ) ಕೂರಿಸುತ್ತಾನೆ. ಭಾರದ್ವಾಜರ ‘ಮಕ್ಬೂಲ್’ ಪ್ರೇತವನ್ನೇ ಬಿಟ್ಟು, ಮನೆಗೆ ತಂದ ಶವದ ಮುಂದೆ ಇರ್ಫಾನ್ ಖಾನ್ ಅವರನ್ನು ನಿಲ್ಲಿಸಿ ಬೆವರಿಸುತ್ತದೆ. ಇವರಲ್ಲಿ ನಿಷ್ಠರು ಯಾರೆಂದು ಕೇಳಿದರೆ ಏನೂ ದೊರೆಯುವುದಿಲ್ಲ.

ಎರಡನೆಯ ಮೌನ ಮಗುವಿನದು. ಹಾಲೂಡಿಸಿ ಗೊತ್ತು ಎನ್ನುತ್ತಾಳೆ ಲೇಡಿ ಮ್ಯಾಕ್‌ಬೆತ್. ಆ ಮಗು ಏನಾಯಿತೆಂದು ಯಾರೂ ಹೇಳುವುದಿಲ್ಲ. ಅವಳಿಗೆ ಮಕ್ಕಳೆಷ್ಟು ಎಂದು ಕೇಳುವ ಚಾಳಿಯನ್ನು ವಿಮರ್ಶಕ ಎಲ್.ಸಿ. ನೈಟ್ಸ್ 1933ರಲ್ಲೇ ಗೇಲಿ ಮಾಡಿದ್ದಾರೆ, ನಮ್ಮ ತರಗತಿಗಳಲ್ಲಿ ಆ ಗೇಲಿಯನ್ನು ಇಂದಿಗೂ ಭಕ್ತಿಯಿಂದ ಒಪ್ಪಿಸುತ್ತಾರೆ. ಪುಸ್ತಕ ಓದುವವನಿಗೆ ಆ ಮಾತು ಸರಿ ಇರಬಹುದು. ನಿರ್ದೇಶಕನಿಗೆ ಹಾಗಲ್ಲ, ಆ ಸಾಲನ್ನು ಹೇಳುವ ನಟಿಗೆ ಅವನು ಏನಾದರೊಂದು ಉತ್ತರ ಕೊಡಲೇಬೇಕು. ಕುರೊಸಾವಾನ ಲೇಡಿ ಮ್ಯಾಕ್‌ಬೆತ್ ಆದ ಅಸಾಜಿ ತಾನು ಬಸುರಿ ಎಂದು ಹೇಳುವುದರಿಂದಲೇ ಮಿಕಿಯ ಮಗನಿಗೆ ಸಿಗಬೇಕಾಗಿದ್ದ ಉತ್ತರಾಧಿಕಾರ ತಪ್ಪಿ, ಮಿಕಿಯ ಕೊಲೆ ನಡೆಯುತ್ತದೆ. ಆ ಮಗು ಸತ್ತೇ ಹುಟ್ಟುತ್ತದೆ. ಕೋಯೆನ್ ಅವರ ದಂಪತಿಗಳಿಗೆ ವಯಸ್ಸಾಗಿದೆ, ಮಕ್ಕಳ ಕಾಲ ಮುಗಿದಿದೆ, ಕಿರೀಟವೊಂದೇ ಕೊನೆಯ ಅವಕಾಶ. ‘ಮಕ್ಬೂಲ್’ನಲ್ಲಿ ಲೇಡಿ ಮ್ಯಾಕ್‌ಬೆತ್‌ನ ಸ್ಥಾನದಲ್ಲಿರುವ ಟಬು ಅವರ ನಿಮ್ಮಿ ಹೆರುತ್ತಾಳೆ, ಮಗು ಬದುಕುತ್ತದೆ, ಆದರೆ ಅದರ ತಂದೆ ಯಾರೆಂಬ ಸಂಶಯ ಉಳಿಯುತ್ತದೆ, ಆಸ್ಪತ್ರೆಯಲ್ಲಿ ಆ ಮಗು ಶತ್ರುವಿನ ಮನೆಯವರ ಕೈಯಲ್ಲಿ ಸುರಕ್ಷಿತವಾಗಿರುವುದನ್ನು ಕಂಡು ಮಕ್ಬೂಲ್ ಬಂದೂಕು ಬಿಟ್ಟು ಹೊರನಡೆಯುತ್ತಾನೆ. ಇಡೀ ನಾಟಕದ ಕ್ರೌರ್ಯ ಅಲ್ಲಿ ಬೇರೆಯೇ ದಿಕ್ಕಿಗೆ ತಿರುಗುತ್ತದೆ. ಷೇಕ್ಸ್‌ಪಿಯರನ ಒಂದು ಸಾಲನ್ನೂ ಉಚ್ಚರಿಸದ ಕುರೊಸಾವಾ ಮತ್ತು ಭಾರದ್ವಾಜ್ ಈ ಪ್ರಶ್ನೆಯನ್ನು ಉಳಿದಿಬ್ಬರಿಗಿಂತ ಗಂಭೀರವಾಗಿ ಕೈಗೆತ್ತಿಕೊಂಡಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಮಾರ್ಗದರ್ಶಕರು ಒಪ್ಪಿದರೆ ರಂಗಭೂಮಿಯನ್ನೂ ಸೇರಿಸಿಕೊಳ್ಳಿ. ಬಿ.ವಿ. ಕಾರಂತರು ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗಾಗಿ ರಘುವೀರ ಸಹಾಯರ ಹಿಂದಿ ಅನುವಾದವನ್ನು ‘ಬರ್ನಂ ವನ’ವಾಗಿ 1979ರಲ್ಲಿ ಯಕ್ಷಗಾನದ ಚಲನೆಯಲ್ಲಿ ಆಡಿಸಿದರು, ನಮ್ಮಲ್ಲಿ ಅದನ್ನು ‘ಯಕ್ಷಗಾನ ಶೈಲಿ’ ಎಂಬ ಎರಡು ಪದಗಳಲ್ಲಿ ಮುಗಿಸುವ ಅಭ್ಯಾಸವಿದೆ, ನೀವು ಹಾಗೆ ಮಾಡಬೇಡಿ. ಇದೇ ನಾಟಕದ ಕನ್ನಡ ರೂಪಾಂತರವಾದ ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ವನ್ನು ನಿರ್ದೇಶಕ ಹುಲುಗಪ್ಪ ಕಟ್ಟೀಮನಿಯವರು ಕಾರಾಗೃಹದ ಕೈದಿಗಳಿಂದ ಮಾಡಿಸಿದ್ದಾರೆ. ಕೊಲೆಗಾಗಿ ಶಿಕ್ಷೆ ಅನುಭವಿಸುತ್ತಿರುವವರು ಆಡುವಾಗ ಈ ಕಥೆಯ ಪಶ್ಚಾತ್ತಾಪವನ್ನು ಪ್ರೇಕ್ಷಕ ಬೇರೆಯೇ ಕಿವಿಯಿಂದ ಕೇಳುತ್ತಾನೆ. ಇದಕ್ಕೆ ಸಾಟಿಯಾದದ್ದನ್ನು ನಿಮ್ಮ ಪಟ್ಟಿಯ ಯಾವ ಚಿತ್ರವೂ ಕೊಡಲಾರದು.

ಯಾವ ಕ್ರಮದಲ್ಲಿ ನೋಡಬೇಕೆಂದೂ ಕೇಳಿದ್ದೀರಿ. ಮೊದಲು ನಾಟಕವನ್ನು ಓದಿ, ಉತ್ತರವಿಲ್ಲದ ಜಾಗಗಳನ್ನು ಪುಸ್ತಕದ ಅಂಚಿನಲ್ಲೇ ಗುರುತು ಹಾಕಿಕೊಳ್ಳಿ. ಆಮೇಲೆ ಕುರೊಸಾವಾ, ‘ಮಕ್ಬೂಲ್’, ಕೋಯೆನ್. ಪೊಲಾನ್‌ಸ್ಕಿ ಎಲ್ಲಕ್ಕಿಂತ ಕೊನೆಗೆ. ಮಲಯಾಳದ ‘ಜೋಜಿ’ಯನ್ನು ಸೇರಿಸಬಹುದೇ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ, ಬೇಡ ಎನ್ನುತ್ತೇನೆ. ಚಿತ್ರ ಚೆನ್ನಾಗಿದೆ, ಆದರೆ ಅದರಲ್ಲಿ ಔತಣವೂ ಇಲ್ಲ, ಜೋಜಿಗೆ ಹೆಂಡತಿಯೂ ಇಲ್ಲ. ನಾನು ಹೇಳಿದ ಎರಡು ಮೌನಗಳನ್ನು ಆರಿಸಿಕೊಂಡರೆ ಅದನ್ನಿಡಲು ಜಾಗ ಸಿಗುವುದಿಲ್ಲ.