ಮಂತ್ರಿ ಜೋಕ್ ಹೇಳಬಾರದು, ಅಕ್ಕೋರೆ

ಅಕ್ಕೋರೆ, ನಮಸ್ಕಾರ.

ನೀವು ಕಳಿಸಿದ ಮಕ್ಕಳ ಹಾಡುನಾಟಕ ಓದಿದೆ. ಡೆನ್ಮಾರ್ಕಿನ ಕಥೆಗಾರ ಆಂಡರ್ಸನ್ 1837ರಲ್ಲಿ ಪ್ರಕಟಿಸಿದ ಚಕ್ರವರ್ತಿಯ ಹೊಸ ಬಟ್ಟೆಯ ಕಥೆಯನ್ನು ಕೊಪ್ಪಳಕ್ಕೆ ತಂದಿದ್ದೀರಿ. ಇಬ್ಬರು ಠಕ್ಕರು ಪಕ್ಕದ ನೇಕಾರರ ಊರು ಭಾಗ್ಯನಗರದಲ್ಲಿ ಖಾಲಿ ಮಗ್ಗ ಹೂಡಿ ಕೂರುತ್ತಾರೆ. ಈ ಯೋಚನೆ ನನಗೆ ತುಂಬಾ ಹಿಡಿಸಿತು. ಆದರೆ ಈಗ ಇರುವ ಹಾಗೆ ನಾಟಕವನ್ನು ಪ್ರಕಟಿಸಲಾರೆ.

ದೊಡ್ಡ ತೊಂದರೆ ಎಂದರೆ ನಿಮ್ಮ ನಾಟಕದಲ್ಲಿ ಎಲ್ಲರೂ ತಮಾಷೆ ಮಾಡುತ್ತಾರೆ. ಮಂತ್ರಿ ಬಂದವನೇ ಬಾಳೆಹಣ್ಣಿನ ಸಿಪ್ಪೆ ಮೇಲೆ ಜಾರುತ್ತಾನೆ, ಸೀರಿಯಲ್ ಡೈಲಾಗ್ ಹೊಡೆಯುತ್ತಾನೆ. ನನಗೆ ನಗು ಬರಲಿಲ್ಲ. ಮೂಲ ಕಥೆ ನೋಡಿ. ಹುದ್ದೆಗೆ ಯೋಗ್ಯರಲ್ಲದವರಿಗೆ, ದಡ್ಡರಿಗೆ ಬಟ್ಟೆ ಕಾಣುವುದಿಲ್ಲ ಅಂತ ಠಕ್ಕರು ನಂಬಿಸಿರುತ್ತಾರೆ. ರಾಜ ಮೊದಲು ಕಳಿಸುವುದು ಪ್ರಾಮಾಣಿಕ ಮುದಿ ಮಂತ್ರಿಯನ್ನು. ಅವನಿಗೆ ಏನೂ ಕಾಣುವುದಿಲ್ಲ. ಕೆಲಸ ಹೋಗುತ್ತದೆ ಅಂತ ಎದೆ ಹೊಡೆದುಕೊಳ್ಳುತ್ತದೆ. ಬಾಯಿ ಮಾತ್ರ ಬಣ್ಣ ಹೊಗಳುತ್ತದೆ. ಅವನು ಜೋಕ್ ಹೇಳಬಾರದು, ಬೆವರಬೇಕು. ಪಕ್ಕಕ್ಕೆ ತಿರುಗಿ "ಶಿವನ, ಏನೂ ಕಾಣವಲ್ದು" ಅನ್ನಲಿ. ಈ ಕಡೆ ತಿರುಗಿ "ಆಹಾ, ಎಷ್ಟು ಸುಂದರವಾಗಿದೆ!" ಅನ್ನಲಿ. ಅಷ್ಟು ಸಾಕು, ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ಹದಿನಾಲ್ಕನೇ ಶತಮಾನದ ಸ್ಪೇನಿನಲ್ಲಿ ಇದೇ ಕಥೆ ಬೇರೆ ಥರ ಇತ್ತು. ಅಪ್ಪ ಅಂದುಕೊಂಡವನಿಗೆ ಹುಟ್ಟದವರಿಗೆ ಬಟ್ಟೆ ಕಾಣಲ್ಲ ಅಂತ. ಆಂಡರ್ಸನ್ ಅದನ್ನು ಮಕ್ಕಳಿಗೆ ಹೇಳಬಹುದಾದ ಹಾಗೆ ಬದಲಿಸಿದರು. ನೀವು ಇನ್ನೂ ಒಂದು ಹೆಜ್ಜೆ ಇಡಬಹುದು. ಹೋಂವರ್ಕ್ ಮಾಡದವರಿಗೂ ಈ ಬಟ್ಟೆ ಕಾಣುವುದಿಲ್ಲ ಅಂದುಬಿಡಿ. ಆಮೇಲೆ ಠಕ್ಕರು ಸೀದಾ ಪ್ರೇಕ್ಷಕರ ಕಡೆ ತಿರುಗಿ "ನಿಮಗ ಕಾಣತೈತಿಲ್ಲೋ?" ಅಂತ ಕೇಳಲಿ. ಎಷ್ಟು ಕೈ ಮೇಲೆ ಹೋಗುತ್ತವೆ ನೋಡಿ.

ಹಾಡುಗಳು ಜಾಸ್ತಿ ಆದವು. ತುಂಗಭದ್ರೆಗೆ ಒಂದು, ಅಂಜನಾದ್ರಿಗೆ ಒಂದು, ಕಿನ್ನಾಳದ ಗೊಂಬೆಗೆ ಒಂದು. ಅಷ್ಟು ಹೊತ್ತೂ ಕಥೆ ನಿಂತೇ ಇರುತ್ತದೆ. ಊರಿನ ಹೆಸರು ಸೇರಿಸಿದ ಮಾತ್ರಕ್ಕೆ ನಾಟಕ ಊರಿನದಾಗುವುದಿಲ್ಲ. ಕುವೆಂಪು ಅವರ ಕಿಂದರಿಜೋಗಿ ಬ್ರೌನಿಂಗನ ಇಂಗ್ಲಿಷ್ ಕವಿತೆಯಿಂದ ಬಂದದ್ದು. ಓದುವಾಗ ಅದು ನೆನಪಿಗೇ ಬರುವುದಿಲ್ಲ, ಅಲ್ವಾ? ಬೊಮ್ಮನಹಳ್ಳಿಯ ಇಲಿಗಳು ಅಲ್ಲಿ ಮಾಡುವ ದಾಂಧಲೆಯೇ ಹಾಗಿದೆ.

ನಿಮ್ಮ ಮಗ್ಗದ ಹಾಡನ್ನು ಮಾತ್ರ ಬಿಡಬೇಡಿ. ಲಾಳಿಯ ಸದ್ದೇ ತಾಳ ಆಗಿರುವುದು ಸೊಗಸಾಗಿದೆ. ಅದನ್ನು ಒಂದೇ ಸಲ ಹಾಡಿ ಮುಗಿಸಿದ್ದೀರಿ. ಮಂತ್ರಿ ಬಂದಾಗ, ಎರಡನೇ ಅಧಿಕಾರಿ ಬಂದಾಗ, ರಾಜನೇ ಬಂದಾಗ ಮತ್ತೆ ಬರಲಿ. ಪ್ರತಿ ಸಲ ಸುಳ್ಳಿನ ಒಂದು ಸಾಲು ಜಾಸ್ತಿ ಆಗಲಿ. ಸಿನಿಮಾ ಧಾಟಿಯ ಹಾಡುಗಳನ್ನು ತೆಗೆಯಿರಿ. ಟಿಕೆಟ್ ಇಟ್ಟು ಆಡಿಸುವುದಾದರೆ ಆ ಧಾಟಿಗೆ ಅನುಮತಿ ಬೇಕಾಗುತ್ತದೆ.

ರೆಕಾರ್ಡ್ ಮಾಡಿದ ನಿರೂಪಕನ ದನಿ ಯಾಕೆ? ದೊಡ್ಡಾಟದಲ್ಲಿ ಪಾತ್ರಗಳನ್ನು ಮಾತಾಡಿಸಿ ಕಥೆ ನಡೆಸುವ ಸಾರಥಿ ನಿಮ್ಮ ಕಡೆಯವನೇ. ಅವನು "ನೀವು ಯಾರು?" ಅಂತ ಕೇಳಲಿ, ರಾಜ ಬಿರುದುಗಳನ್ನು ಒದರುತ್ತಾ ಹೋಗಲಿ. ಭುಜಕೀರ್ತಿ, ಕಿರೀಟ ಎಲ್ಲ ಹೇರಿಕೊಂಡು ಬಂದ ಆ ರಾಜ ಕೊನೆಗೆ ಪಟ್ಟಾಪಟ್ಟಿ ಚಡ್ಡಿ, ಬನಿಯನ್ನಿನಲ್ಲಿ ನಿಂತರೆ ಸಾಕು. "ರಾಜ ಬೆತ್ತಲೆ ಬರುತ್ತಾನೆ" ಅಂತ ಬರೆದರೆ ಶಾಲೆಯಲ್ಲಿ ಯಾರು ಆಡಿಸುತ್ತಾರೆ?

ಒಂದು ಮಾತು ಸ್ವಲ್ಪ ಕಟುವಾಗಿ ಹೇಳುತ್ತೇನೆ. ರಾಜ, ಮಂತ್ರಿ ಪುಸ್ತಕದ ಕನ್ನಡ ಆಡುತ್ತಾರೆ. ಕಳ್ಳರು, ಆಳುಗಳು ಮಾತ್ರ ಕೊಪ್ಪಳದ ಕನ್ನಡ ಆಡುತ್ತಾರೆ. ಹೀಗಾದರೆ ಮಕ್ಕಳು ತಮ್ಮ ಮನೆಮಾತಿಗೇ ನಗುತ್ತಾರೆ. ಎಲ್ಲರೂ ಕೊಪ್ಪಳದ ಮಾತೇ ಆಡಲಿ. ಸುಳ್ಳು ಹೇಳುವಾಗ ಮಾತ್ರ ಪುಸ್ತಕದ ಕನ್ನಡ ಬರಲಿ.

ಕೊನೆಯಲ್ಲಿ ನಿಜ ಹೇಳುವ ಹುಡುಗಿ ಎರಡು ಪುಟ ಭಾಷಣ ಮಾಡುತ್ತಾಳೆ, ರಾಜ ಕ್ಷಮೆ ಕೇಳುತ್ತಾನೆ. ಎರಡೂ ಬೇಡ. ಅವಳು ನಿಜವಾದ ನೇಕಾರರ ಮನೆಯ ಹುಡುಗಿ ಆಗಿರಲಿ. ನೂಲಿಲ್ಲದ ಮಗ್ಗ ಅವಳಿಗೆ ಗೊತ್ತಾಗದೆ ಇರುತ್ತದೆಯೇ? "ರಾಜನ ಮೈಮ್ಯಾಲ ಅರಿವೀನ ಇಲ್ಲ!" ಅಂತ ಒಂದೇ ಮಾತು ಕೂಗಲಿ. ಆಂಡರ್ಸನ್ ಕಥೆಯಲ್ಲಿ ಅದಾದ ಮೇಲೂ ರಾಜ ಇನ್ನಷ್ಟು ಬಿಗಿದುಕೊಂಡು ನಡೆಯುತ್ತಾನೆ. ಸೇವಕರು ಇಲ್ಲದ ಸೆರಗನ್ನು ಎತ್ತಿ ಹಿಡಿದುಕೊಂಡೇ ಹಿಂದೆ ಹೋಗುತ್ತಾರೆ. ಅದನ್ನೇ ಆಡಿಸಿ.

ಪೂರ್ತಿ ನಾಟಕ ಈಗಲೇ ತಿದ್ದಬೇಡಿ. ಮಂತ್ರಿ ಮಗ್ಗ ನೋಡಲು ಬರುವ ದೃಶ್ಯ ಒಂದನ್ನೇ ಬರೆದು ಕಳಿಸಿ. ಮಗ್ಗದ ಹಾಡನ್ನು ಮಕ್ಕಳಿಂದ ಹಾಡಿಸಿ, ಫೋನಲ್ಲಿ ರೆಕಾರ್ಡ್ ಮಾಡಿ ಜೊತೆಗೆ ಹಾಕಿ. ಹಾರ್ಮೋನಿಯಂ ಇಲ್ಲದಿದ್ದರೂ ನಡೆಯುತ್ತದೆ.