ಅಪ್ಪ-ಅವ್ವನ ಕರಕೊಂಡು ಕಲಬುರಗಿಯಿಂದ ರಾಮೇಶ್ವರಕ್ಕ ಹೊಂಟೀವಿ, ಅಲ್ಲಿ ಊಟ ಎಲ್ಲಿ ಮಾಡಬೇಕು?

ನೀವು ಬರದಿದ್ದು ಇಷ್ಟು: ನಾಲ್ಕು ಮಂದಿ, ಮೂರು ದಿನ. ಅಪ್ಪ-ಅವ್ವ ಪಕ್ಕಾ ಶಾಕಾಹಾರಿ, ಅಪ್ಪಗ ಶುಗರ್ ಅದ, ನಿಮಗ ಮಾತ್ರ ಮೀನು ಬೇಕು. ಹೋಟೆಲಿನ ಹೆಸರು ಕೇಳೀರಿ, ಆದ್ರ ಆ ಊರಾಗ ಮೊದಲು ಹೊತ್ತು ನೋಡಬೇಕು. ಮುಂಜಾನಿ ಒಂಬತ್ತಕ್ಕ ಬಿಸಿ ಇಡ್ಲಿ ಕೊಡೋ ಹೋಟೆಲಿಗೇ ಹನ್ನೊಂದೂವರಿಗೆ ಹೋದ್ರ ಟಿಫಿನ್ ಮುಗದಿರ್ತದ, ಊಟ ಶುರು ಆಗಿರೂದಿಲ್ಲ.

ಇದು ತೊಡಕಾಗೋದು ತೀರ್ಥಸ್ನಾನದಿಂದ. ನಸುಕಿನ್ಯಾಗ ಸ್ಫಟಿಕಲಿಂಗದ ದರ್ಶನ, ಆಮ್ಯಾಲೆ ಅಗ್ನಿತೀರ್ಥದಾಗ ಸಮುದ್ರಸ್ನಾನ, ಗುಡಿಯೊಳಗ 22 ಬಾವಿ ನೀರು, ಅರಿವಿ ಬದಲಿಸಿ ಮತ್ತ ದರ್ಶನ. ಹಸಿ ಅರಿವಿಮ್ಯಾಲೆ ಗರ್ಭಗುಡಿ ಕಡಿ ಬಿಡೂದಿಲ್ಲ. ಗದ್ದಲ ಇದ್ರ ಇಷ್ಟಕ್ಕೇ ಮುಂಜಾನಿ ಹತ್ತಾಗ್ತದ. ಎಲ್ಲರೂ ಉಪವಾಸ ಹೋಗ್ತಾರ. ಶುಗರಿನ ಗುಳಿಗಿ ತಗೊಳ್ಳೋರು ಹಂಗ ಹೋಗಬಾರದು. ಗುಳಿಗಿ ಯಾವಾಗ ಅನ್ನೋದು ಹೊರಡೋ ಮೊದಲೇ ಡಾಕ್ಟರಿಗೆ ಕೇಳ್ರಿ, ಚೀಲದಾಗ ಒಂದೆರಡು ಶೇಂಗಾ ಉಂಡಿ ಇಟ್ಟಿರ್ರಿ. ದರ್ಶನ ಆದ ಕೂಡಲೇ ಗುಡಿ ಸುತ್ತಿನ ರಥಬೀದಿಗಳೊಳಗ ಯಾವುದೇ ಶಾಕಾಹಾರಿ ಟಿಫಿನ್ ಹೋಟೆಲ್ ಹಿಡೀರಿ, ನಿಂತ ಮಂದಿ ನೋಡಿ ಆರಿಸ್ರಿ. ಬಸ್ ನಿಲ್ದಾಣ ಎರಡು ಕಿಲೋಮೀಟರ್ ದೂರ, ಹಸಿದ ಹೊಟ್ಟಿಲೆ ಅಲ್ಲೀತನ ಹೋಗಬ್ಯಾಡ್ರಿ. ಹಿರೇರಿಗೆ ಇಡ್ಲಿ ಛಲೋ. ಪೊಂಗಲ್ ಅಂದ್ರ ತುಪ್ಪ-ಮೆಣಸು ಹಾಕಿದ ಹುಗ್ಗಿ, ತಿಂದ್ರ ನಿದ್ದಿ ಗ್ಯಾರಂಟಿ.

ಬೋರ್ಡ್ ಓದೂದು ಕಲೀರಿ. ತಮಿಳಿನ್ಯಾಗ ಶಾಕಾಹಾರಕ್ಕ ‘ಸೈವಂ’, ಮಾಂಸಾಹಾರಕ್ಕ ‘ಅಸೈವಂ’. ನಮ್ಮ ಶೈವ ಶಬ್ದಾನೇ, ಕಲಬುರಗಿ ಮಂದಿಗೆ ಮರೆಯೋದಲ್ಲ. ಎರಡೂ ಮಾಡೋ ಹೋಟೆಲಿನ್ಯಾಗ ‘ಬರೇ ಪರೋಟಾ ತಾನೇ’ ಅಂತ ಅವ್ವಗ ತರಿಸೀರಿ, ಜ್ವಾಕಿ. ಪರೋಟಾ ಮ್ಯಾಲೆ ಸುರಿಯೋ ತೆಳ್ಳನ ಸಾಲ್ನಾ ಬಹಳ ಕಡಿ ಕೋಳಿ ಇಲ್ಲಾ ಕುರಿ ಎಲುಬಿನ ರಸದಾಗೇ ಕುದ್ದಿರ್ತದ. ಪರೋಟಾ ಕೊಚ್ಚಿ ಹುರಿಯೋ ಕೊತ್ತು ಪರೋಟಾಕ್ಕ ಸಾಮಾನ್ಯವಾಗಿ ತತ್ತಿ ಹಾಕ್ತಾರ.

ಮಧ್ಯಾಹ್ನ ಹನ್ನೆರಡೂವರಿಗೆ ಊಟಕ್ಕ ಕೂಡ್ರಿ. ಗುಡಿ ಒಂದರ ಸುಮಾರಿಗೆ ಮುಚ್ಚತದ, ಎಲ್ಲಾ ಮಂದಿ ಒಮ್ಮೆಲೇ ಹೊರಗ ಬರ್ತಾರ. ಅಮಾಸಿ ದಿನ, ಅದರಾಗೂ ಆಷಾಢ, ಮಹಾಲಯ, ತೈ ಅಮಾಸಿಗೆ (ನಮ್ಮ ಪುಷ್ಯದ ಅಮಾಸಿ) ಊರು ತುಂಬಿರ್ತದ, ತಡ ಮಾಡಿದ್ರ ಪಲ್ಯ-ಹಪ್ಪಳ ಖಾಲಿ. ಬಾಳೆಲಿಮ್ಯಾಲೆ ಮೊದಲು ಸಾಂಬಾರ್, ಆಮ್ಯಾಲೆ ಕುಳಂಬು (ಗಟ್ಟಿ ಹುಳಿ ಸಾರು), ರಸಂ, ಕಡೀಕ ಮಜ್ಜಿಗಿ ಇಲ್ಲಾ ಮೊಸರು. ಒಂದೇ ಸಲ ಅನ್ನದ ಗುಡ್ಡಿ ಹಾಕಿಸ್ಕೊಂಡು ಎಲ್ಲಾ ಕಲಸಿದ್ರ ರಸಂಗೆ ಅನ್ನ ಉಳಿಯೂದಿಲ್ಲ. ಬಡಿಸೋರು ಮತ್ತ ಬರ್ತಾರ, ಸ್ವಲ್ಪ ಸ್ವಲ್ಪ ತಗೋರಿ. ವತ್ತಕುಳಂಬು ಅನ್ನೋ ಕುಳಂಬಿನ್ಯಾಗ ಹುಣಚಿಹಣ್ಣಿನ ಹುಳಿ ಬಲು ಜೋರು, ಪಿತ್ತದವರು ಒಂದು ಚಮಚಕ್ಕ ಮುಗಸ್ರಿ. ಬಹಳ ಕಡಿ ಅನ್ನ ಕುಸಬಲ ಅಕ್ಕಿದು, ಕಾಳು ದಪ್ಪ. ಸೋನಾ ಮಸೂರಿ ಉಂಡವರಿಗೆ ಬೆಂದಿಲ್ಲ ಅನಸ್ತದ, ಆದ್ರ ಅದರ ಗುಣಾನೇ ಹಂಗ.

ಎರಡನೇ ದಿನಕ್ಕ ಅಪ್ಪ ‘ರೊಟ್ಟಿ ಎಲ್ಲಿ?’ ಅಂತಾರ. ಜ್ವಾಳದ ರೊಟ್ಟಿ ಅಲ್ಲಿ ಹುಡುಕಬ್ಯಾಡ್ರಿ. ರಾಮೇಶ್ವರ ಚಾರ್‌ಧಾಮದಾಗ ಒಂದು, ಉತ್ತರದ ಯಾತ್ರಿಕರು ದಂಡಿಯಾಗಿ ಬರೂದರಿಂದ ಗುಡಿ ಆಸುಪಾಸು ಗುಜರಾತಿ, ಮಾರವಾಡಿ ಥರದ ಭೋಜನಾಲಯ ಅವ. ರಾತ್ರಿ ಊಟಕ್ಕ ಅದೇ ಸರಿ: ಬಿಸಿ ಫುಲ್ಕಾ, ದಾಲ್, ಒಂದು ಪಲ್ಯ. ತಮಿಳು ಬರದಿದ್ರೂ ನಮ್ಮ ಕಲಬುರಗಿ ಹಿಂದಿ ಅಲ್ಲಿ ಧಾರಾಳ ನಡೀತದ.

ಖಡಕ್ ರೊಟ್ಟಿ ಒಯ್ಯೋದಿದ್ರ ತಲಿಗೆ ರಾತ್ರಿಗೆ ಎರಡರಂಗ ನಾಲ್ಕು ಮಂದಿಗೆ ಮೂರು ರಾತ್ರಿಗೆ 24, ರೈಲಿಂದು ಬ್ಯಾರೆ. ಪೂರಾ ಆರಿದ ಮ್ಯಾಲೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕ್ರಿ. ಬೆಚ್ಚಗಿದ್ದಾಗ ಪ್ಲಾಸ್ಟಿಕ್ ಚೀಲಕ್ಕ ಹಾಕಿದ್ರ ಒಳಗ ಬೆವತು ಬೂಜು ಹಿಡೀತದ. ಸಮುದ್ರದ ಗಾಳಿಗೆ ಹೊರಗ ಇಟ್ಟ ರೊಟ್ಟಿ ಹಪ್ಪಳದಂಗ ಮೆತ್ತಗಾಗ್ತದ, ಹೊತ್ತಿಗೆ ಒಂದೇ ಸಲ ಡಬ್ಬಿ ತಗೀರಿ. ಶೇಂಗಾ ಹಿಂಡಿ, ಅಗಸಿ ಹಿಂಡಿ ಇರಲಿ, ಮೊಸರು ಅಲ್ಲೇ ಸಿಗ್ತದ, ‘ತಯಿರ್’ ಅಂತ ಕೇಳ್ರಿ. ಕುಡಿಯೋ ನೀರು ಕ್ಯಾನಿಂದೇ ಇರಲಿ, ದ್ವೀಪದಾಗ ಬಹಳ ಕಡಿ ನೀರು ಸವಳು.

ಇನ್ನ ನಿಮ್ಮ ಮೀನು. ಗುಡಿ ಹತ್ತರ ಹುಡುಕೋದು ಬ್ಯಾಡ. ಮಧ್ಯಾಹ್ನ ಹಿರೇರು ಮಲಗಿದಾಗ ಧನುಷ್ಕೋಟಿಗೆ ಹೋಗ್ರಿ. 1964ರ ಡಿಸೆಂಬರ್ ಚಂಡಮಾರುತಕ್ಕ ಹಾಳಾದ ಊರದು, ಗುಡಿಸಲದಾಗ ಮೀನು ಹುರಿದು ಕೊಡ್ತಾರ. ಮುಂಜಾನೇನೇ ಮಸಾಲಿ ಹಚ್ಚಿ ತಾಟಿನ್ಯಾಗ ಒಟ್ಟಿದ ಮೀನು ತಗೋಬ್ಯಾಡ್ರಿ, ಮಸಾಲಿ ಒಳಗ ಹಳೇದು-ಹೊಸಾದು ತಿಳಿಯೂದಿಲ್ಲ. ಇಡೀ ಮೀನು ತೋರಿಸಂತ ಹೇಳ್ರಿ: ಕಣ್ಣು ಉಬ್ಬಿ ಹೊಳೀಬೇಕು, ಕಿವಿರು ಕೆಂಪಗ ಇರಬೇಕು, ಬೆರಳಿಲೆ ಒತ್ತಿದ್ರ ಕುಣಿ ಬೀಳಬಾರದು. ರೇಟು ಹುರಿಯೋ ಮೊದಲೇ, ತುಂಡಿಗೋ ತೂಕಕ್ಕೋ ಅಂತ ಕೇಳ್ರಿ. ನಾವು ಸುರಮಾಯಿ ಅನ್ನೋದು ಅಲ್ಲಿ ‘ವಂಜಿರಂ’, ಝಿಂಗಾ ‘ಇರಾಲ್’, ಏಡಿ ‘ನಂಡು’. ಏಪ್ರಿಲ್ 15ರಿಂದ ಜೂನ್ 14ರ ತನಕ 61 ದಿನ ಟ್ರಾಲರ್ ದೋಣಿ ಬಂದ್. ಆಗ ದೊಡ್ಡ ಮೀನು ಕಡಿಮಿ, ರೇಟು ಏರಿರ್ತದ, ಐಸಿನ ಮಾಲೂ ಬರ್ತದ.

ಅಪ್ಪ-ಅವ್ವನೂ ಬರ್ತಾರಂದ್ರ ರಾಮೇಶ್ವರದಾಗೇ ಮೊಸರನ್ನ ಕಟ್ಟಿಸ್ಕೊಂಡು ಹೋಗ್ರಿ, ಎರಡು ತಾಸಿನೊಳಗ ಉಂಡು ಬಿಡ್ರಿ. ಧನುಷ್ಕೋಟಿಯಾಗ ಅವರಿಗೆ ಎಳನೀರು, ಚಾ ಸಿಕ್ಕೀತು, ಊಟ ಅಲ್ಲ. ಸಂಜಿಗೆ ಆ ರಸ್ತಾ ಬಂದ್ ಮಾಡ್ತಾರ, ಹೊತ್ತು ಮುಳುಗೋ ಮೊದಲೇ ಹೊಳ್ಳಿ ಬರ್ರಿ.