ತಾರಸಿ ನೀರು ಕುಡಿಯೋಕಾಗುತ್ತಾ?

ಪ್ರಶ್ನೆ: ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅಂತ ಪರೀಕ್ಷೆಯಲ್ಲಿ ಬಂದಿದೆ. ಕಾಯಿಸಿ ಕುಡಿಯುತ್ತಿದ್ದೇವೆ. 30x30 ಅಡಿ ಆರ್‌ಸಿಸಿ ಮನೆ, ಐದು ಜನ. ಮಳೆನೀರು ಹಿಡಿದರೆ ಕುಡಿಯಲು ಸಾಲುತ್ತದೆಯೇ?
(ಓದುಗರು, ಚಳ್ಳಕೆರೆ ತಾಲ್ಲೂಕು)

ಉತ್ತರ: ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಹೋಗಿ, ಉಳಿದ ನೀರಿನಲ್ಲಿ ಅದರ ಪ್ರಮಾಣ ಇನ್ನಷ್ಟು ಏರುತ್ತದೆ. ನೀರಿನಲ್ಲಿ ಕರಗಿದ ಒಟ್ಟು ಲವಣ ಅಳೆಯುವ ಟಿಡಿಎಸ್ ಮೀಟರ್ ಕೂಡ ಫ್ಲೋರೈಡನ್ನು ಬೇರೆಯಾಗಿ ತೋರಿಸುವುದಿಲ್ಲ. ಹಾಗಾಗಿ ಮಳೆನೀರಿನ ಯೋಚನೆ ಸರಿಯಾಗಿದೆ.

ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್. ನಿಮ್ಮ ತಾರಸಿ ಸುಮಾರು 84 ಚದರ ಮೀಟರ್. ಮಳೆ ಕೈಕೊಟ್ಟು ವರ್ಷಕ್ಕೆ ಬರೀ 300 ಮಿ.ಮೀ. ಬಂತು, ಅದರಲ್ಲೂ ಐದನೇ ಒಂದು ಪಾಲು ಪೋಲಾಯಿತು ಅಂದುಕೊಳ್ಳಿ. ಆಗಲೂ 20,000 ಲೀಟರ್ ಸಿಗುತ್ತದೆ. ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಎಂದರೆ ವರ್ಷಕ್ಕೆ ಬೇಕಾಗುವುದು 9,125. ಕಷ್ಟವಿರುವುದು ಮಳೆಯಿಲ್ಲದ ಆರು ತಿಂಗಳನ್ನು ದಾಟಿಸುವುದರಲ್ಲಿ. 180 ದಿನಕ್ಕೆ 4,500 ಲೀಟರ್ ಬೇಕು. ಉದ್ದ, ಅಗಲ, ಆಳ ಮೂರೂ ಆರಡಿ ಇರುವ ಸಂಪಿನಲ್ಲಿ 6,000 ಲೀಟರ್ ಹಿಡಿಯುತ್ತದೆ, ಸಾಕು. ಸ್ನಾನಕ್ಕೆ, ಬಟ್ಟೆಗೆ ಬೋರ್ ನೀರೇ ಇರಲಿ.

ಬಹಳ ಮನೆಗಳಲ್ಲಿ ಎಡವುವುದು ಮೊದಲ ಮಳೆ ನೀರನ್ನು ಬಿಡುವ ಕಡೆ. ಧೂಳು, ಹಕ್ಕಿ ಹಿಕ್ಕೆ ತೊಳೆದುಹೋಗಲು ಕನಿಷ್ಠ 1 ಮಿ.ಮೀ. ಮಳೆ ಬೇಕು, ಎಂದರೆ ನಿಮಗೆ 84 ಲೀಟರ್. 4 ಇಂಚಿನ ಪೈಪ್ ಮೂರಡಿ ಇಳಿಬಿಟ್ಟು ಕೊನೆಗೆ ಕ್ಯಾಪ್ ಹಾಕಿ ಆಯಿತು ಅನ್ನುತ್ತಾರೆ. ಅದರಲ್ಲಿ ಹಿಡಿಯುವುದು ಏಳು ಲೀಟರ್! 100 ಲೀಟರಿನ ಡ್ರಮ್ಮೇ ಬೇಕು. ಇಳಿಯುವ ಪೈಪಿಗೆ ಟೀ (T ಆಕಾರದ, ಮೂರು ಬಾಯಿಯ ಜೋಡಣೆ) ಜೋಡಿಸಿ: ನೇರ ಬಾಯಿ ಡ್ರಮ್ಮಿಗೆ, ಪಕ್ಕದ ಬಾಯಿ ಸೋಸುವ ಡ್ರಮ್ಮಿಗೆ. ಚಿತ್ರದುರ್ಗದ ಕೋಟೆಯ ಹೊಂಡಗಳ ಹಾಗೆ, ಒಂದು ತುಂಬಿದ ಮೇಲೆ ಇನ್ನೊಂದಕ್ಕೆ. ಮೊದಲ ಡ್ರಮ್ಮಿನ ಮುಚ್ಚಳ ಗಾಳಿಯಾಡದಂತೆ ಬಿಗಿಯಾಗಿರಲಿ, ಇಲ್ಲದಿದ್ದರೆ ನೀರು ಅಲ್ಲೇ ಉಕ್ಕಿ ನೆಲಕ್ಕೆ ಹೋಗುತ್ತದೆ. ತಳದಲ್ಲೊಂದು ನಲ್ಲಿ ಇಟ್ಟು ಮಳೆ ನಿಂತ ಮೇಲೆ ಖಾಲಿ ಮಾಡಿ. ಮರೆತರೆ ಮುಂದಿನ ಮಳೆಯ ಕೊಳೆಯೆಲ್ಲ ನೇರ ಮುಂದಕ್ಕೆ.

ಸೋಸಲು 200 ಲೀಟರ್ ಡ್ರಮ್ಮಿನ ತಳಕ್ಕೆ 40 ಎಂಎಂ ಜಲ್ಲಿ, ಮೇಲೆ 20 ಎಂಎಂ ಜಲ್ಲಿ, ತಲಾ ಆರು ಇಂಚು. ಜಲ್ಲಿಯ ಮೇಲೆ ನೈಲಾನ್ ಜಾಲರಿ. ಅದರ ಮೇಲೆ ಒಂದಡಿ ದಪ್ಪ ಮರಳು, ತೊಳೆದ ನೀರು ತಿಳಿಯಾಗುವವರೆಗೂ ತೊಳೆದದ್ದು. ನುಣ್ಣನೆ ಮರಳು ಹಾಕಿದರೆ ಜೋರು ಮಳೆಗೆ ನೀರು ಇಳಿಯದೆ ಮೇಲಿಂದ ಹರಿದು ಹೋಗುತ್ತದೆ. ಇದ್ದಿಲು ಆಗಾಗ ಬದಲಿಸುವವರಿಗೆ ಮಾತ್ರ, ಇಲ್ಲವೆಂದರೆ ಬಿಟ್ಟುಬಿಡಿ.

ಹೊಸ ಸಂಪನ್ನು ಎರಡು ಸಲ ತುಂಬಿಸಿ ಚೆಲ್ಲಿ, ಸಿಮೆಂಟ್ ಒಗರು ಹೋಗಲಿ. ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ. ಈ ನೀರಿನಲ್ಲಿ ಫ್ಲೋರೈಡ್ ಇರದಿದ್ದರೂ ರೋಗಾಣು ಇರಬಹುದು, ಆದ್ದರಿಂದ ಕಾಯಿಸಬೇಕಾದ್ದು ಇದನ್ನೇ. ಕಲ್ನಾರು ಶೀಟಿನ ಮನೆಯವರು, ಮಣ್ಣಿನ ಮಾಳಿಗೆಯವರು ಈ ನೀರನ್ನು ಕುಡಿಯಲು ಹಿಡಿಯಬೇಡಿ.

ಪ್ರಶ್ನೆ: ತೊಗರಿ, ಕಡಲೆ ಕಾಳು ಚೆನ್ನಾಗಿ ಒಣಗಿಸಿ ಡಬ್ಬಿಗೆ ತುಂಬಿದರೂ ಎರಡೇ ತಿಂಗಳಿಗೆ ಹುಳ. ಯಾಕೆ?
(ಓದುಗರು, ದಾವಣಗೆರೆ)

ಉತ್ತರ: ಹುಳ ಡಬ್ಬಿಯಲ್ಲಿ ಹುಟ್ಟಿದ್ದಲ್ಲ, ಹೊಲದಲ್ಲೇ ಮೊಟ್ಟೆ ಇಟ್ಟಿರುತ್ತದೆ. ಕಾಳು ಕಚ್ಚಿದರೆ ಕಟ್ಟೆಂದು ಒಡೆಯುವಷ್ಟು ಒಣಗಿಸಿ, ಆದರೆ ಬಿಸಿ ಇರುವಾಗಲೇ ತುಂಬಬೇಡಿ. ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ. ತಣಿದ ಮೇಲೆ ಕಿಲೋಗೆ 5 ಎಂ.ಎಲ್. ಶೇಂಗಾ ಎಣ್ಣೆ ಹಾಕಿ, ಪ್ರತಿ ಕಾಳಿಗೂ ಹತ್ತುವಂತೆ ಕೈಯಲ್ಲಿ ಉಜ್ಜಿ. ಎಣ್ಣೆ ಪದರದಲ್ಲಿ ಮೊಟ್ಟೆಗೆ ಗಾಳಿ ಸಿಗುವುದಿಲ್ಲ. ಈಗಾಗಲೇ ತೂತು ಬಿದ್ದ ಕಾಳಿಗೆ ಇದು ಮದ್ದಲ್ಲ, ಅದನ್ನು ಮೊದಲೇ ಆರಿಸಿ ತೆಗೆಯಿರಿ.